ಸ್ಕಿಮ್‌ಬೋರ್ಡಿಗೆ ಫಿನ್ ಇರಲೋ, ಬೇಡವೋ?

ಪ್ರಶ್ನೆ: ರಾಮೇಶ್ವರದಲ್ಲಿ ಕೈಟ್‌ಸರ್ಫಿಂಗ್ (ಕೈಟ್ ಎಂಬ ದೊಡ್ಡ ಗಾಳಿಪಟ ಎಳೆಯುತ್ತಿರಲು ಹಲಗೆಯ ಮೇಲೆ ನಿಂತು ನೀರಿನಲ್ಲಿ ಓಡುವ ಆಟ) ಕಲಿತಿದ್ದೇನೆ. ಎರಡು ತುದಿಯೂ ಒಂದೇ ಥರ ಇರುವ ಟ್ವಿನ್‌ಟಿಪ್ ಬೋರ್ಡಿನಲ್ಲಿ ಗಾಳಿಗೆ ಎದುರೇರಿ, ಹೊರಟ ಜಾಗಕ್ಕೇ ವಾಪಸ್ ಬರುವಷ್ಟು ರೂಢಿಯಾಗಿದೆ. ಈಚೆಗೆ ಒಬ್ಬರಿಂದ ಸೆಕೆಂಡ್‌ಹ್ಯಾಂಡ್ ಕೈಟ್ ಸ್ಕಿಮ್‌ಬೋರ್ಡ್, ಅಂದರೆ ತೆಳ್ಳಗಿನ ಅಗಲ ಹಲಗೆ, ಕೊಂಡೆ. 138 ಸೆಂ.ಮೀ. ಉದ್ದ, 48 ಸೆಂ.ಮೀ. ಅಗಲ, ಕಾಲು ಸಿಕ್ಕಿಸುವ ಸ್ಟ್ರಾಪ್ ಇಲ್ಲ. ಜೊತೆಗೆ ನಾಲ್ಕು ಫಿನ್ (ಬೋರ್ಡಿನ ತಳಕ್ಕೆ ಕೂರಿಸುವ, ಮೀನಿನ ರೆಕ್ಕೆಯಂಥ ತುಂಡು), ಒಂದು ಪೊಟ್ಟಣ ಸ್ಕ್ರೂ. ಗೆಳೆಯನೊಬ್ಬ ‘ಸ್ಕಿಮ್ ಅಂದ್ರೆ ಫಿನ್ ಇರಲೇಬಾರದು’ ಅಂತಾನೆ. ಇನ್ನೊಬ್ಬ ‘ಫಿನ್ ಇಲ್ದೆ ಹೋದ್ರೆ ಬೋರ್ಡು ಹೊತ್ಕೊಂಡು ದಂಡೆ ಮೇಲೆ ನಡ್ಕೊಂಡೇ ಬರ್ತೀಯ’ ಅಂತಾನೆ. ಒಮ್ಮೆ ಫಿನ್ ತೆಗೆದು ನೋಡಿದೆ. ಬೋರ್ಡು ಹಿಂಗಾಲಿನ ಕಡೆಯಿಂದ ಜಾರಿ ಅಡ್ಡಡ್ಡ ತಿರುಗಿಬಿಡುತ್ತದೆ. ಯಾರ ಮಾತು ಕೇಳಲಿ? ನನ್ನ ತೂಕ 74 ಕೆ.ಜಿ., ಇರುವ ಕೈಟ್ 12 ಚದರ ಮೀಟರಿನದು.
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಇಬ್ಬರು ಗೆಳೆಯರ ಮಾತಲ್ಲೂ ಅರ್ಧರ್ಧ ನಿಜವಿದೆ. ಆದರೆ ನಿಮಗಾದ ತೊಂದರೆಗೆ ಕಾರಣ ಅವರಿಬ್ಬರೂ ಹೇಳಿದ್ದಲ್ಲ. ಬೋರ್ಡು ಹಿಂಗಾಲಿನ ಕಡೆಯಿಂದ ಜಾರುತ್ತದೆ ಎಂದಿರಲ್ಲ, ಗುಟ್ಟು ಇರುವುದು ಅಲ್ಲಿ. ನೀವು ಫಿನ್ ಬಿಚ್ಚಿದಿರಿ, ಕಾಲು ಮಾತ್ರ ಫಿನ್ ಇದ್ದಾಗ ಎಲ್ಲಿತ್ತೋ ಅಲ್ಲೇ ಇಟ್ಟಿರಿ. ಫಿನ್ ಇಲ್ಲದ ಬೋರ್ಡಿನಲ್ಲಿ ನಿಲ್ಲುವ ಜಾಗ ಬೇರೆ. ಇದನ್ನು ಯಾರೂ ಹೇಳಿಕೊಡದೆ ಇರುವುದರಿಂದಲೇ ಎಷ್ಟೋ ಜನ ಒಂದು ಮಧ್ಯಾಹ್ನ ಒದ್ದಾಡಿ ‘ಇದು ಆಗೋ ಮಾತಲ್ಲ’ ಎಂದು ಫಿನ್ ವಾಪಸ್ ಕೂರಿಸಿಬಿಡುತ್ತಾರೆ.

ಹೀಗೇಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೈಟ್ ನಿಮ್ಮನ್ನು ಮುಂದಕ್ಕಷ್ಟೇ ಎಳೆಯುವುದಿಲ್ಲ. ಅದರ ಎಳೆತದ ದೊಡ್ಡ ಪಾಲು ಪಕ್ಕಕ್ಕೆ, ಗಾಳಿ ಹೋಗುವ ಕಡೆಗೆ ಇರುತ್ತದೆ. ಅದನ್ನು ತಡೆದು ನಿಲ್ಲಿಸುವಂಥದ್ದು ಏನಾದರೂ ನೀರಿನೊಳಗೆ ಇರಬೇಕು. ಸ್ಕಿಮ್‌ಬೋರ್ಡಿನಲ್ಲಿ ಆ ಕೆಲಸಕ್ಕೆ ಇಬ್ಬರಿದ್ದಾರೆ: ಒಂದು ಫಿನ್, ಇನ್ನೊಂದು ಬೋರ್ಡಿನ ಅಂಚು, ಅಂದರೆ ರೇಲ್. ಫಿನ್ ಇರುವುದು ಹಿಂತುದಿಯಲ್ಲಿ. ಹಾಗಾಗಿ ಫಿನ್ ಇದ್ದಾಗ ತಡೆಯ ಹೆಚ್ಚಿನ ಪಾಲು ಹಿಂಗಾಲಿನ ಕೆಳಗೇ ಸಿಗುತ್ತದೆ. ಟ್ವಿನ್‌ಟಿಪ್‌ನಲ್ಲಿ ಹಿಂಗಾಲನ್ನು ಬಲವಾಗಿ ಒತ್ತಿ ಎದುರೇರುವ ಅಭ್ಯಾಸ ನಿಮಗಾಗಿದೆ, ಅದು ಫಿನ್ ಇರುವ ಸ್ಕಿಮ್‌ಬೋರ್ಡಿನಲ್ಲೂ ನಡೆದುಹೋಗುತ್ತದೆ.

ಫಿನ್ ಬಿಚ್ಚಿದ ಕ್ಷಣ ಆ ಲೆಕ್ಕ ಬದಲಾಗುತ್ತದೆ. ಈಗ ತಡೆ ಕೊಡುವುದು ಅಂಚು ಮಾತ್ರ. ಅದೂ ನೀರಿಗೆ ತಾಗಿರುವಷ್ಟು ಉದ್ದದ ಅಂಚು. ಆ ಉದ್ದದ ನಡುಭಾಗ ಫಿನ್ ಇದ್ದ ಜಾಗಕ್ಕಿಂತ ಎಷ್ಟೋ ಮುಂದಿದೆ. ಹಳೇ ಅಭ್ಯಾಸದಲ್ಲಿ ಹಿಂಗಾಲು ಒತ್ತಿದರೆ ಟೇಲ್ (ಹಿಂತುದಿ) ಮುಳುಗುತ್ತದೆ, ನೋಸ್ (ಮುಂತುದಿ) ಎದ್ದು ನಿಲ್ಲುತ್ತದೆ, ನೀರಿಗೆ ತಾಗಿರುವ ಅಂಚು ಗಿಡ್ಡವಾಗುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲದ ಟೇಲ್, ಮಳೆಗಾಲದ ಕೆಸರಿನಲ್ಲಿ ಬೈಕಿನ ಹಿಂದಿನ ಚಕ್ರ ಹೊರಳಿದ ಹಾಗೆ ಗಾಳಿ ಹೋಗುವ ಕಡೆಗೆ ಜಾರಿ, ನೋಸ್ ಗಾಳಿಯತ್ತ ತಿರುಗುತ್ತದೆ. ನಿಮಗಾದದ್ದು ಇಷ್ಟೇ.

ಇನ್ನು ಮಾಡಬೇಕಾದ್ದು. ಎರಡೂ ಕಾಲನ್ನು ಸುಮಾರು ಅರ್ಧ ಗೇಣು, 10ರಿಂದ 15 ಸೆಂ.ಮೀ. ಮುಂದಕ್ಕೆ ತನ್ನಿ. ತೂಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಮುಂಗಾಲಿನ ಮೇಲಿರಲಿ. ಎರಡೂ ಹಿಮ್ಮಡಿ ಗಾಳಿ ಬರುವ ಕಡೆಯ ಅಂಚಿಗೆ ಹತ್ತಿರವಿರಬೇಕು. 48 ಸೆಂ.ಮೀ. ಅಗಲ ಕಮ್ಮಿಯೇನಲ್ಲ. ಅಂಥ ಬೋರ್ಡಿನ ನಟ್ಟನಡುವೆ ಪಾದ ಇಟ್ಟು ಅದನ್ನು ಓರೆ ಮಾಡಲು ಹೋದರೆ ಹೆಬ್ಬೆರಳು ಮೇಲೆದ್ದು ಮೀನಖಂಡ ಹಿಡಿದುಕೊಳ್ಳುತ್ತದೆಯೇ ಹೊರತು ಅಂಚು ನೀರಿಗಿಳಿಯುವುದಿಲ್ಲ. ಹಿಮ್ಮಡಿ ಕಾಲಡಿಯ ಪ್ಯಾಡಿನ ಕೊನೆಗೆ ಬಂದಿರಲಿ, ಬೆರಳಗಲ ಆಚೆ ಚಾಚಿದರೂ ಚಿಂತೆಯಿಲ್ಲ. ಸೊಂಟ ಬಾರ್ (ಕೈಟನ್ನು ನಡೆಸುವ ಹಿಡಿಕೋಲು) ಕಡೆಗೆ, ಎದೆ ಮತ್ತು ಕಣ್ಣು ಹೋಗಬೇಕಾದ ಕಡೆಗೆ. ಕುರ್ಚಿಯಲ್ಲಿ ಕೂತ ಭಂಗಿ ಟ್ವಿನ್‌ಟಿಪ್‌ನಲ್ಲಿ ಕ್ಷಮೆಯಾಗುತ್ತದೆ, ಇಲ್ಲಿ ಆಗುವುದಿಲ್ಲ. ಕೂತರೆ ತೂಕ ಮತ್ತೆ ಹಿಂಗಾಲಿಗೇ ಹೋಗುತ್ತದೆ.

ಕೈಟನ್ನು 45 ಡಿಗ್ರಿಯ ಆಸುಪಾಸು, ನೆತ್ತಿಯ ಮೇಲೆ ಹನ್ನೆರಡು ಎಂದಿಟ್ಟುಕೊಂಡರೆ ಗಡಿಯಾರದ ಲೆಕ್ಕದಲ್ಲಿ ಹತ್ತೂವರೆ ಅಥವಾ ಒಂದೂವರೆಯಲ್ಲಿ ಸುಮ್ಮನೆ ನಿಲ್ಲಿಸಿ. ಶಕ್ತಿ ಸಾಲದು ಎನಿಸಿದಾಗ ಕೈಟನ್ನು ಮೇಲೆ ಕೆಳಗೆ ಬೀಸಾಡುವ ಚಟ ಬಹಳ ಜನಕ್ಕಿದೆ. ಪ್ರತಿ ಬೀಸಿಗೂ ಪಕ್ಕದ ಎಳೆತ ಒಮ್ಮೆಲೇ ಏರುತ್ತದೆ, ಬರಿಯ ಅಂಚು ಅದನ್ನು ತಡೆಯಲಾರದು. ಮೊದಲು ಬೋರ್ಡಿನ ನೋಸನ್ನು ಗಾಳಿ ಹೋಗುವ ಕಡೆಗೆ ಸ್ವಲ್ಪ ಇಳಿಸಿ ವೇಗ ಗಳಿಸಿಕೊಳ್ಳಿ. ಬೋರ್ಡು ನೀರಿನ ಮೇಲೆ ಹಗುರಾಗಿ ಓಡತೊಡಗಿದ ಮೇಲೆ ನಿಧಾನವಾಗಿ ಹಿಮ್ಮಡಿ ಒತ್ತುತ್ತಾ ಎದುರಿಗೆ ತಿರುಗಿಸಿ. ವೇಗವಿಲ್ಲದೆ ಅಂಚು ಒತ್ತಿದರೆ ಬೋರ್ಡು ಮುಳುಗುತ್ತದೆ, ಅಷ್ಟೇ. ಹೀಗೆ ಹೋದರೆ ಫಿನ್ ಇಲ್ಲದೆಯೂ ಖಂಡಿತ ಎದುರೇರಬಹುದು. ಫಿನ್ ಇದ್ದಾಗ ಸಿಗುವಷ್ಟು ಕಡಿದಾದ ಕೋನ ಸಿಗುವುದಿಲ್ಲ, ಹೊರಟ ಜಾಗಕ್ಕೆ ಬರಲು ಒಂದೆರಡು ಅಡ್ಡಓಟ ಹೆಚ್ಚಿಗೆ ಹೊಡೆಯಬೇಕಾದೀತು. ದಂಡೆಯ ಮೇಲೆ ನಡೆಯುವ ಶಿಕ್ಷೆಯಂತೂ ಇಲ್ಲ.

ಇದನ್ನು ಕಲಿಯಲು ಫಿನ್ ಬಿಚ್ಚಲೇಬೇಕೆಂದೇನಿಲ್ಲ. ಫಿನ್ ಇರುವಾಗಲೇ ಫಿನ್ ಇಲ್ಲದವರ ಹಾಗೆ ನಿಂತು ನೋಡಿ. ಒಂದು ಪರೀಕ್ಷೆ ಹೇಳುತ್ತೇನೆ: ಸಮನಾದ ನೀರಿನಲ್ಲಿ ಓಡುತ್ತಿರುವಾಗ ಹಿಂಗಾಲನ್ನು ಒಂದು ಕ್ಷಣ ಅರ್ಧ ಇಂಚು ಎತ್ತಿ, ಪ್ಯಾಡಿನ ಮೇಲೆ ಟಪಟಪ ಬಡಿಯಿರಿ. ಬೋರ್ಡು ತಾನು ಹೋಗುತ್ತಿದ್ದ ದಾರಿಯಲ್ಲೇ ಹೋಗುತ್ತಿದ್ದರೆ ನಿಮ್ಮ ತೂಕ ಸರಿಯಾದ ಜಾಗದಲ್ಲಿದೆ. ಹಿಂಗಾಲು ಎತ್ತಿದ ಕೂಡಲೇ ನೋಸ್ ಎತ್ತಲೋ ಹೊರಳಿದರೆ ನೀವಿನ್ನೂ ಹಿಂಗಾಲಿನ ಮೇಲೆಯೇ ಬದುಕುತ್ತಿದ್ದೀರಿ. ಎರಡೂ ದಿಕ್ಕಿನ ಓಟದಲ್ಲಿ ಈ ಪರೀಕ್ಷೆ ಪಾಸಾಗುವವರೆಗೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಆಮೇಲೂ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಬೋರ್ಡನ್ನು ಮಗುಚಿ ತೂತುಗಳು ಎಲ್ಲಿವೆ ನೋಡಿ. ಎರಡು ತುದಿಗೂ ಎರಡೆರಡು ಇದ್ದರೆ ಅದು ಟ್ವಿನ್‌ಟಿಪ್ ಲೆಕ್ಕದ ಬೋರ್ಡು, ಹಿಂದುಮುಂದಾಗಿಯೂ ಓಡುತ್ತದೆ. ಅದರಲ್ಲಿ ಮುಂತುದಿಯ ಜೋಡಿಯನ್ನು ತೆಗೆದು ಹಿಂದಿನ ಎರಡನ್ನು ಹಾಗೇ ಉಳಿಸಿ. ನಾಲ್ಕೂ ಟೇಲಿನಲ್ಲೇ ಇದ್ದರೆ ಹಿಂದಿನ ಜೋಡಿ ತೆಗೆದು, ಅಂಚಿಗೆ ಹತ್ತಿರವಿರುವ ಮುಂದಿನ ಜೋಡಿ ಉಳಿಸಿ. ಈ ಎರಡನೇ ಬಗೆಯಲ್ಲಿ ತಡೆ ಸಿಗುವ ಜಾಗ ಸ್ವಲ್ಪ ಮುಂದೆ ಸರಿಯುತ್ತದೆ, ಕಾಲೂ ಅದರ ಜೊತೆ ಸರಿಯಲು ಕಲಿಯುತ್ತದೆ. ಈ ನಡುವಿನ ಹಂತದಲ್ಲೇ ಉಳಿದುಬಿಡುವವರೂ ಉಂಟು. ನನಗೂ ಸಾಧಾರಣ ದಿನಗಳಲ್ಲಿ ಎರಡು ಫಿನ್ನಿನ ಬೋರ್ಡೇ ಇಷ್ಟ.

‘ಸ್ಕಿಮ್ ಅಂದ್ರೆ ಫಿನ್ ಇರಬಾರದು’ ಎಂಬ ಮಾತು ಬೇರೊಂದು ಆಟದಿಂದ ಎರವಲು ಬಂದದ್ದು. ಕ್ಯಾಲಿಫೋರ್ನಿಯಾದ ಲಗೂನಾ ಬೀಚಿನಲ್ಲಿ 1920ರ ದಶಕದಲ್ಲಿ ಕಡಲ ಕಾವಲಿನ ಹುಡುಗರು ಮರದ ಹಲಗೆಯನ್ನು ಅಲೆ ಹಿಂದೆ ಸರಿಯುವಾಗಿನ ತೆಳು ನೀರಿನ ಮೇಲೆ ಎಸೆದು, ಓಡಿಬಂದು ಅದರ ಮೇಲೆ ಹತ್ತಿ ಜಾರುತ್ತಿದ್ದರು. ಅಂಗುಲ ಆಳದ ನೀರಲ್ಲಿ ಫಿನ್ ಹೇಗಿದ್ದೀತು? ಅಲ್ಲಿ ಪಕ್ಕಕ್ಕೆ ಎಳೆಯುವ ಕೈಟೂ ಇರಲಿಲ್ಲ. ಸರ್ಫಿಂಗಿನ ಕಥೆಯೂ ಇಂಥದ್ದೇ. ಹವಾಯಿಯ ಹಳೆಯ ಅಲಾಯಾ ಹಲಗೆಗಳಿಗೆ ಫಿನ್ ಇರಲಿಲ್ಲ, ಅವರು ಅಂಚಿನ ಮೇಲೆಯೇ ಅಲೆ ಇಳಿದರು. 1935ರಲ್ಲಿ ಟಾಮ್ ಬ್ಲೇಕ್ ತನ್ನ ಬೋರ್ಡಿಗೆ ಫಿನ್ ಜೋಡಿಸಿದ ಮೇಲೆ ಟೇಲ್ ಜಾರುವುದು ತಪ್ಪಿತು. 1981ರ ಹೊತ್ತಿಗೆ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಮೂರು ಫಿನ್ನಿನ ಬೋರ್ಡಿನಲ್ಲಿ ಸ್ಪರ್ಧೆ ಗೆದ್ದು ಅದನ್ನೇ ರೂಢಿಗೆ ತಂದರು. ಫ್ರಾನ್ಸಿನ ಲೆಗೆನ್ಯು ಸಹೋದರರು ಗಾಳಿ ತುಂಬುವ ಕೈಟಿಗೆ ಪೇಟೆಂಟ್ ಹಾಕಿದ್ದು 1984ರಲ್ಲಿ. ಅಂದರೆ ಕೈಟ್ ಬರುವ ಮೊದಲೇ ಫಿನ್ ಬೇಕು, ಬೇಡ ಎರಡೂ ಪಂಥಗಳು ಇದ್ದವು. ನಿಮ್ಮ ಗೆಳೆಯ ಒಂದು ಪಂಥದವರು, ಅಷ್ಟೇ.

ಈಗ ಗಾಳಿಯ ವಿಷಯ. ಕಡಿಮೆ ಗಾಳಿಗೆ ಫಿನ್ ತೆಗೆದರೆ ಒಳ್ಳೆಯದು, ಬೋರ್ಡು ಹಗುರಾಗಿ ಜಾರುತ್ತದೆ ಎಂದು ಕೆಲವರು ನಂಬಿದ್ದಾರೆ. ನನ್ನ ಮಟ್ಟಿಗೆ ಇದು ತಿರುಗುಮುರುಗು. ಸಣ್ಣ ಫಿನ್ ನೀರಿನಲ್ಲಿ ಕೊಡುವ ಎಳೆತ ತೀರಾ ಕಡಿಮೆ. ಆದರೆ ಫಿನ್ ಇದ್ದರೆ ಬೋರ್ಡನ್ನು ಹೆಚ್ಚುಕಡಿಮೆ ಚಪ್ಪಟೆಯಾಗಿ ಇಟ್ಟುಕೊಂಡೇ ಪಕ್ಕಕ್ಕೆ ಜಾರದೆ ಓಡಬಹುದು. ಬೋರ್ಡಿನ ಇಡೀ ಅಗಲ ನಿಮ್ಮನ್ನು ಹೊರುತ್ತದೆ. ಫಿನ್ ಇಲ್ಲದಿದ್ದರೆ ಓರೆ ಮಾಡಲೇಬೇಕು, ಓರೆ ಮಾಡಿದಷ್ಟೂ ಹೊರುವ ಜಾಗ ಕಡಿಮೆಯಾಗುತ್ತದೆ. 12 ನಾಟ್, ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ಗಾಳಿಯಲ್ಲಿ, 74 ಕೆ.ಜಿ.ಯ ನೀವು 12 ಚದರ ಮೀಟರಿನ ಕೈಟ್ ಹಿಡಿದಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ: ಫಿನ್ ಇದ್ದರೆ ವಾಪಸ್ ಬರುತ್ತೀರಿ, ಇಲ್ಲದಿದ್ದರೆ ಇಂಚಿಂಚಾಗಿ ಕೆಳಕ್ಕೆ ಹೋಗುತ್ತೀರಿ. ಎರಡನೇ ಗೆಳೆಯನ ಮಾತು ನಿಜವಾಗುವುದು ಇಂಥ ದಿನ.

ಜೋರು ಗಾಳಿಯಲ್ಲೂ ಫಿನ್ನಿನದೇ ಮೇಲುಗೈ, ಆದರೆ ಒಂದು ಮಿತಿಯವರೆಗೆ. ರಭಸದ ಹೊಡೆತಕ್ಕೆ ಹಿಂಗಾಲನ್ನು ಜೋರಾಗಿ ಒತ್ತಿದಾಗ ಫಿನ್ನಿನ ಪಕ್ಕಕ್ಕೆ ಗಾಳಿಯ ಪದರ ಇಳಿದು, ಹಿಡಿತ ಒಮ್ಮೆಗೇ ಕೈಬಿಡುತ್ತದೆ. ಬೋರ್ಡು ಅಡ್ಡಡ್ಡ ಕುಣಿಯುತ್ತಾ ಹೋಗುತ್ತದೆ. ಆಗ ಇನ್ನಷ್ಟು ಒತ್ತಬೇಡಿ. ನೋಸನ್ನು ಗಾಳಿ ಹೋಗುವ ಕಡೆಗೆ ಇಳಿಸಿ, ಬೋರ್ಡು ಚಪ್ಪಟೆ ಮಾಡಿ, ಬಾರ್ ಸ್ವಲ್ಪ ಬಿಡಿ. ಫಿನ್ ಮತ್ತೆ ನೀರು ಹಿಡಿಯುತ್ತದೆ. ಬರಿ ಬೋರ್ಡಿನಲ್ಲಿ ಹೀಗೆ ಹಠಾತ್ತನೆ ಕೈಬಿಡುವುದು ಕಡಿಮೆ. ಅದು ಮೊದಲೇ ಸಣ್ಣಗೆ ಜಾರಿ ಸೂಚನೆ ಕೊಡುತ್ತದೆ.

ಹಾಗಾದರೆ ಫಿನ್ ತೆಗೆಯುವುದಾದರೂ ಯಾಕೆ? ಮೊದಲನೆಯದು ಆಟ. ಶುವಿಟ್ ಎಂಬ ಪಟ್ಟು ನೋಡಿ: ಕೈಟನ್ನು ತಲೆಯ ಮೇಲಕ್ಕೆ ತಂದು ಮೈ ಹಗುರ ಮಾಡಿಕೊಂಡು, ಹಿಂಗಾಲಿನಿಂದ ಟೇಲನ್ನು ಹಿಂದಕ್ಕೆ ಗೀರಿ ಬಿಟ್ಟರೆ ಬೋರ್ಡು ಕಾಲಡಿಯಲ್ಲಿ ಅರ್ಧ ಸುತ್ತು ತಿರುಗುತ್ತದೆ. ಎರಡೂ ಪಾದ ಅಂಗೈ ಅಗಲದಷ್ಟು ಮೇಲಿದ್ದು, ಟೇಲ್ ಇದ್ದ ಕಡೆ ನೋಸ್ ಬಂದಾಗ ಮತ್ತೆ ಇಳಿಯಬೇಕು. ಫಿನ್ ನೀರಿನಲ್ಲಿದ್ದರೆ ಆ ಮೊದಲ ಗೀರುವಿಕೆಯೇ ತಡೆಯುತ್ತದೆ. ಹೇಗೋ ತಿರುಗಿಸಿದರೂ ಫಿನ್ ಈಗ ಮುಂದೆ ಬಂದಿರುತ್ತದೆ. ಮುಂದಿರುವ ಫಿನ್ ಹಿಂದಕ್ಕೆ ಹೋಗಲು ಹವಣಿಸಿ ಬೋರ್ಡನ್ನು ಮತ್ತೆ ತಿರುಗಿಸಿಬಿಡುತ್ತದೆ. ಬರಿ ಬೋರ್ಡಿಗೆ ಹಿಂದು ಮುಂದು ಎಂಬ ಹಟವಿಲ್ಲ. ಓಡುತ್ತಾ ಓಡುತ್ತಾ ಬೇಕೆಂದೇ ಟೇಲ್ ಜಾರಿಸಿ, ಅಡ್ಡಲಾಗಿ ಒಂದಷ್ಟು ದೂರ ಹೋಗಿ ಮತ್ತೆ ನೇರ ಮಾಡಿಕೊಳ್ಳುವ ಸುಖ ಫಿನ್ ಇರುವ ಬೋರ್ಡಿನಲ್ಲಿ ಇಲ್ಲವೇ ಇಲ್ಲ.

ಎರಡನೆಯದು ನೀರಿನ ಆಳ, ಮತ್ತು ನೀವು ಹೋಗುವುದು ರಾಮೇಶ್ವರಕ್ಕಾದ್ದರಿಂದ ಇದೇ ಮುಖ್ಯ. ರಾಮೇಶ್ವರವಿರುವ ಪಾಂಬನ್ ದ್ವೀಪದ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ; ಬೇಸಿಗೆ ಮತ್ತು ಮುಂಗಾರಿನಲ್ಲಿ ನೈಋತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ ಗಾಳಿ. ಯಾವ ಕಾಲಕ್ಕೂ ಒಂದಲ್ಲ ಒಂದು ಬದಿಯಲ್ಲಿ ಅಲೆಯಿಲ್ಲದ, ಆಳವಿಲ್ಲದ ನೀರು ಸಿಗುತ್ತದೆ. ಸ್ಕಿಮ್‌ಬೋರ್ಡಿಗೆ ಅದಕ್ಕಿಂತ ಒಳ್ಳೆಯ ಜಾಗ ದೂರವೇ ಹುಡುಕಬೇಕು. ಆದರೆ ಆ ತೆಳುನೀರಿನಲ್ಲಿ ಫಿನ್ ಒಂದು ಅಪಾಯ. ಫಿನ್ 4 ಸೆಂ.ಮೀ. ಇರಬಹುದು, ಬೋರ್ಡು ಓರೆಯಾದಾಗ ಗಾಳಿಯ ಬದಿಯ ಅಂಚೂ ಅದರ ಫಿನ್ನೂ ಇನ್ನಷ್ಟು ಕೆಳಗಿಳಿಯುತ್ತವೆ. ಮರಳದಿಬ್ಬಕ್ಕೆ ಫಿನ್ ಕಚ್ಚಿದರೆ ಬೋರ್ಡು ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಬೀಳುವುದು ಪಾದ ಮುಳುಗುವಷ್ಟು ನೀರಿಗೆ, ಅಂದರೆ ನೆಲಕ್ಕೆ. ಫಿನ್ ಇದ್ದರೆ ಮೀನಖಂಡ ಮುಳುಗುವಷ್ಟಾದರೂ ನೀರಿರುವಲ್ಲಿ ಓಡಿಸಿ. ದಂಡೆಯಂಚಿನ ತೆಳುನೀರಿನಲ್ಲಿ ಜಾರಬೇಕೆಂದರೆ ಫಿನ್ ಬಿಚ್ಚಿಯೇ ಹೋಗಿ. ಬಿಚ್ಚಿದರೂ ಅಲ್ಲಿ ಕೈಟ್ ಎತ್ತಿ ಹಾರುವ ಸಾಹಸ ಬೇಡ. ತಲೆಗೆ ಹೆಲ್ಮೆಟ್, ಕಾಲಿಗೆ ತೆಳು ನಿಯೋಪ್ರಿನ್ ಶೂ ಇದ್ದರೆ ಚಿಪ್ಪುಗಳ ಕಾಟವೂ ತಪ್ಪುತ್ತದೆ.

ಅಲ್ಲಿನ ಇನ್ನೊಂದು ವಿಶೇಷ ಕಡಲ ಹುಲ್ಲು. ಪಾಕ್ ಕೊಲ್ಲಿಯ ತಳದಲ್ಲಿ ಅದು ಹಾಸಿಕೊಂಡಿದೆ. ಅದನ್ನು ಮೇಯುವ ಕಡಲಹಸು, ಡ್ಯುಗಾಂಗ್, ಉಳಿಯಲೆಂದು ತಮಿಳುನಾಡು ಸರ್ಕಾರ 2022ರಲ್ಲಿ ತಂಜಾವೂರು ಮತ್ತು ಪುದುಕ್ಕೋಟೆ ಕರಾವಳಿಯ 448 ಚದರ ಕಿ.ಮೀ. ಕಡಲನ್ನು ಮೀಸಲು ಪ್ರದೇಶವೆಂದು ಘೋಷಿಸಿತು. ರಾಮೇಶ್ವರದ ಸುತ್ತ ನೀವು ಆ ಮೀಸಲಿನೊಳಗೆ ಇರುವುದಿಲ್ಲ, ಆದರೆ ಹುಲ್ಲು ಇಲ್ಲೂ ಇದೆ. ಕಿತ್ತು ತೇಲುವ ಹುಲ್ಲಿನ ಎಳೆಗಳು ಫಿನ್ನಿಗೆ ಸುತ್ತಿಕೊಂಡರೆ ಬೋರ್ಡು ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ನಿಧಾನವಾಗುತ್ತದೆ, ಎದುರೇರುವ ಕೋನವೂ ಹೋಗುತ್ತದೆ. ಕಾರಣ ತಿಳಿಯದವರು ಕೈಟ್ ಸರಿಯಿಲ್ಲ ಎಂದು ಲೈನ್ ಎಳೆದು ನೋಡುತ್ತಿರುತ್ತಾರೆ. ಬರಿ ಬೋರ್ಡಿಗೆ ಈ ಗೋಳಿಲ್ಲ. ಬೇರೂರಿದ ಹುಲ್ಲು ಮೊಣಕಾಲು ನೀರಿನಲ್ಲಿ ಕಂಡಲ್ಲಿ ಫಿನ್ನಿನಿಂದ ಗೀರಿಕೊಂಡು ಹೋಗದಿರುವುದು ಹುಲ್ಲಿಗೂ ಒಳ್ಳೆಯದು.

ನಮ್ಮ ಕರಾವಳಿಯಲ್ಲೂ ಓಡಿಸುವ ಆಸೆ ನಿಮಗೆ ಬಂದೇ ಬರುತ್ತದೆ, ಅದಕ್ಕೆ ಒಂದು ಮಾತು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬರುವ ಕಡಲಗಾಳಿ ರಾಮೇಶ್ವರದ ಗಾಳಿಯಷ್ಟು ಗಟ್ಟಿಯಲ್ಲ, ನೀರೂ ಕಲಕಿರುತ್ತದೆ. ಅಲ್ಲಿ ಫಿನ್ ಹಾಕಿಯೇ ಇಳಿಯಿರಿ. ಅಳಿವೆಯ ಒಳಗಿನ ಸಪಾಟು ನೀರು ನೋಡಿ ಫಿನ್ ಬಿಚ್ಚುವ ಮನಸ್ಸಾದರೆ ಮೊದಲು ಇಳಿತದ ಹೊತ್ತು ಯಾವಾಗ, ಬಲೆ ಎಲ್ಲಿ ಹಾಕಿದ್ದಾರೆ ಎಂದು ದೋಣಿಯವರನ್ನು ಕೇಳಿ. ಹೊಳೆಯ ಸೆಳೆತ ಕಡಲಿಗೆ ಎಳೆಯುತ್ತಿರುವಾಗ ಕಡಿದಾಗಿ ಎದುರೇರದ ಬೋರ್ಡಿನಲ್ಲಿ ಇರುವುದು ಬೇಡವೇ ಬೇಡ. ಮಳೆಗಾಲದಲ್ಲಿ ಆ ಯೋಚನೆಯನ್ನೇ ಬಿಡಿ.

ನೀರಿನಿಂದ ಏಳುವಾಗಲೂ ಒಂದು ವ್ಯತ್ಯಾಸವಿದೆ. ಸ್ಟ್ರಾಪ್ ಇಲ್ಲದ, ಫಿನ್ನೂ ಇಲ್ಲದ ಬೋರ್ಡಿಗೆ ಕಾಲಿಟ್ಟು ಕೈಟ್ ಬೀಸಿದರೆ ಅದು ನಿಮಗಿಂತ ಮೊದಲೇ ಪಕ್ಕಕ್ಕೆ ಜಾರಿಹೋಗುತ್ತದೆ. ಟ್ವಿನ್‌ಟಿಪ್‌ನಲ್ಲಿ ಮಾಡುವುದಕ್ಕಿಂತ ಹೆಚ್ಚು, ನೋಸನ್ನು ಕೈಟಿನ ಕಡೆಗೇ ತಿರುಗಿಸಿಟ್ಟುಕೊಂಡು ಏಳಿ. ನಿಂತು ಒಂದೆರಡು ಮೀಟರ್ ಹೋದ ಮೇಲೆ ದಿಕ್ಕು ಸರಿಮಾಡಿಕೊಂಡರಾಯಿತು. ಬಿದ್ದಾಗ ಬೋರ್ಡು ದೂರ ಹೋಗುತ್ತದೆಂದು ಕಾಲಿಗೆ ಲೀಶ್ (ಬೋರ್ಡಿಗೆ ಸೇರಿಸುವ ಹಗ್ಗ) ಕಟ್ಟಿಕೊಳ್ಳುವ ಯೋಚನೆ ಬಂದರೆ ಬಿಟ್ಟುಬಿಡಿ. ಕೈಟ್ ನಿಮ್ಮನ್ನು ಎಳೆದು, ಲೀಶ್ ಹಿಗ್ಗಿ, ಬೋರ್ಡು ಹಿಂದಿನಿಂದ ತಲೆಗೆ ಬಂದು ಬಡಿದ ಗಾಯಗಳು ಸಾಕಷ್ಟಿವೆ. ಫಿನ್ ಇರುವ ಬೋರ್ಡಾದರೆ ಇನ್ನೂ ಕಷ್ಟ. ಬೋರ್ಡಿಲ್ಲದೆ ಮೈಯನ್ನೇ ಓರೆ ಮಾಡಿ ನೀರಿನಲ್ಲಿ ಎದುರೇರುವುದನ್ನು ಶುರುವಿನಲ್ಲಿ ಕಲಿಸಿರುತ್ತಾರಲ್ಲ, ಅದನ್ನು ಮತ್ತೆ ತಿಕ್ಕಿ ಹೊಳಪು ಮಾಡಿಕೊಳ್ಳಿ. ಫಿನ್ ಇಲ್ಲದ ಹಗುರ ಬೋರ್ಡು ಗಾಳಿಗೆ ಬೇಗ ಹೋಗುತ್ತದೆ.

ಇನ್ನು ಆ ಸ್ಕ್ರೂ ಪೊಟ್ಟಣ. ಸೆಕೆಂಡ್‌ಹ್ಯಾಂಡ್ ಬೋರ್ಡಿನ ಜೊತೆ ಬರುವ ಸ್ಕ್ರೂಗಳು ಆ ಬೋರ್ಡಿನವೇ ಎಂದು ನಂಬಬೇಡಿ. ಇಂಥ ಫಿನ್ನುಗಳಿಗೆ ಸಾಮಾನ್ಯವಾಗಿ ಎಂ6 ಅಳತೆಯ ಸ್ಟೇನ್‌ಲೆಸ್ ಸ್ಕ್ರೂ ಇರುತ್ತದೆ, ಉದ್ದ ಮಾತ್ರ ಬೋರ್ಡಿನಿಂದ ಬೋರ್ಡಿಗೆ ಬೇರೆ. ಕೈಯಿಂದಲೇ ತಿರುಗಿಸಿ ನೋಡಿ; ಫಿನ್ ಕೂರುವ ಮೊದಲೇ ಸ್ಕ್ರೂ ತಳ ಮುಟ್ಟಿ ನಿಂತರೆ ಅದು ಉದ್ದ ಜಾಸ್ತಿ, ಒತ್ತಾಯಿಸಿದರೆ ಸ್ಕ್ರೂ ಹಿಡಿಯುವ ಒಳಗಿನ ಇನ್ಸರ್ಟ್ ಕಿತ್ತು ಬರುತ್ತದೆ. ಎರಡು ಮೂರು ಸುತ್ತಿಗೇ ಗಟ್ಟಿಯಾದರೆ ಗಿಡ್ಡ, ಹಿಡಿತ ಸಾಲದು. ಕೈಯಲ್ಲಿ ಬಿಗಿಯಾದ ಮೇಲೆ ಕಾಲು ಸುತ್ತು ಸಾಕು. ಹಾಕುವ ಮುನ್ನ ಎಳೆಗೆ ಚೂರು ಗ್ರೀಸ್ ಹಚ್ಚಿ, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಿರಿ. ಇಲ್ಲದಿದ್ದರೆ ಉಪ್ಪು ಹಿಡಿದು, ಫಿನ್ ಬೇಕೋ ಬೇಡವೋ ಎಂಬ ನಿಮ್ಮ ಪ್ರಶ್ನೆಗೆ ತುಕ್ಕೇ ಉತ್ತರ ಹೇಳಿಬಿಡುತ್ತದೆ.

ಫಿನ್ ತೆಗೆದಾಗ ತೂತು ತೆರೆದಿಡಬೇಡಿ. ಕೆಳಗಿನಿಂದ ಸ್ಕ್ರೂ ಹಾಕುವ ಬೋರ್ಡಾದರೆ ಮೈಮಟ್ಟಕ್ಕೆ ಕೂರುವ ಗಿಡ್ಡ ಸ್ಕ್ರೂ ಹಾಕಿ, ಮೇಲೆ ಟೇಪ್ ಅಂಟಿಸಿ. ಮರಳು ಸೇರಿ ಎಳೆ ಹಾಳಾಗುವುದು ತಪ್ಪುತ್ತದೆ. ಮೇಲಿನಿಂದ ಆರಪಾರ ಹೋಗುವ ತೂತಾದರೆ ಉದ್ದದ ಸ್ಕ್ರೂವನ್ನು ಹಾಗೇ ಬಿಡಲೇಬೇಡಿ, ತಳದಲ್ಲಿ ಮೊಳೆಯಂತೆ ಚಾಚಿಕೊಂಡು ಕಾಲು ಸೀಳುತ್ತದೆ. ರಬ್ಬರ್ ವಾಷರ್ ಜೊತೆ ಗಿಡ್ಡ ಸ್ಕ್ರೂ ಹಾಕಿ ಮುಚ್ಚಿ. ಜೊತೆಗೆ ಅಂಚನ್ನೊಮ್ಮೆ ಉಗುರಿನಿಂದ ಸವರಿ ನೋಡಿ. ಮರಳಿಗೆ ಉಜ್ಜಿ ಬಟ್ಟೆಯ ಎಳೆ ಎದ್ದಿದ್ದರೆ ಒಳಗಿನ ಫೋಮ್‌ಗೆ ನೀರಿಳಿಯುವ ಮೊದಲು ಎಪಾಕ್ಸಿ ಹಚ್ಚಿ. ಫಿನ್ ಇಲ್ಲದೆ ಓಡಿಸುವವರಿಗೆ ಅಂಚೇ ಆಸ್ತಿ.

ನಿಮ್ಮ ತೂಕ, ನಿಮ್ಮ ಕೈಟಿನ ಲೆಕ್ಕಕ್ಕೆ ಹೇಳುವುದಾದರೆ: 14ರಿಂದ 17 ನಾಟ್‌ನ ಒಂದೇ ಸಮನೆ ಬೀಸುವ ಗಾಳಿ, ಸೊಂಟದ ಮಟ್ಟದ ನೀರು, ಗಾಳಿ ಹೋಗುವ ಕಡೆ ಕಲ್ಲು, ಕಂಬ, ದೋಣಿ ಯಾವುದೂ ಇಲ್ಲದ ಜಾಗ ಸಿಕ್ಕ ದಿನ ಫಿನ್ ಬಿಚ್ಚಿ. 14ಕ್ಕಿಂತ ಕೆಳಗೆ ಫಿನ್ ಹಾಕಿ. 20 ನಾಟ್ ದಾಟಿದರೆ ಸ್ಕಿಮ್‌ಬೋರ್ಡನ್ನು ನೆರಳಿನಲ್ಲಿ ಇಟ್ಟು ಚಿಕ್ಕ ಕೈಟ್ ಬಾಡಿಗೆಗೆ ತೆಗೆದುಕೊಂಡು ನಿಮ್ಮ ಟ್ವಿನ್‌ಟಿಪ್‌ನಲ್ಲೇ ಹೋಗಿ.